ತೂಬಿನಿಂದ ತರ್ಕಕ್ಕೆ

ಗಣಕಯಂತ್ರದ ಒಡಲಲ್ಲಿ ನಡೆಯುವ ಕಾರ್ಯವೆಲ್ಲವೂ ‘ಉಂಟು’, ‘ಇಲ್ಲ’ ಎಂಬ ಎರಡೇ ಮಾತುಗಳ ಮೇಲೆ ನಿಂತಿದೆ. ಉಂಟು ಎಂಬುದಕ್ಕೆ 1, ಇಲ್ಲ ಎಂಬುದಕ್ಕೆ 0 ಎಂದು ಗುರುತು. ಈ ಗುರುತುಗಳನ್ನು ಒಳಗೆ ಬಿಟ್ಟುಕೊಂಡು ಒಂದು ನಿರ್ಣಯವನ್ನು ಹೊರಗೆ ಕೊಡುವ ಪುಟ್ಟ ವಿದ್ಯುನ್ಮಂಡಲಗಳಿಗೆ ತರ್ಕದ್ವಾರಗಳೆಂದು ಹೆಸರು. ಇವುಗಳ ಕೋಷ್ಟಕವನ್ನು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಬಲ್ಲರು. ಆದರೆ ಅರ್ಥವಾಗದೆ ಕಲಿತದ್ದು ಬಹುಕಾಲ ನಿಲ್ಲದು. ಅರ್ಥವಾಗುವಂತೆ ಕಲಿಸುವ ಬಗೆ ಯಾವುದೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಬೆಳೆದ ಮಗುವಿಗೆ ಈ ತರ್ಕವೇನೂ ಹೊಸದಲ್ಲ. ತುಂಗಭದ್ರೆಯ ನೀರು ಗದ್ದೆಗೆ ಬರಬೇಕಾದರೆ ದೊಡ್ಡ ಕಾಲುವೆಯ ತೂಬೂ ತೆರೆದಿರಬೇಕು, ಅದರ ಕೆಳಗಿನ ಸಣ್ಣ ಕಾಲುವೆಯ ತೂಬೂ ತೆರೆದಿರಬೇಕು. ಎರಡರಲ್ಲಿ ಒಂದು ಮುಚ್ಚಿದರೂ ನೀರಿಲ್ಲ. ಇದೇ ‘ಆ್ಯಂಡ್’ ದ್ವಾರ. ಒಂದೇ ಗದ್ದೆಗೆ ಎರಡು ಕಡೆಗಳಿಂದ ಕಾಲುವೆಗಳು ಬಂದಿದ್ದರೆ ಯಾವುದಾದರೊಂದರ ತೂಬು ತೆರೆದರೂ ಸಾಕು. ಇದು ‘ಆರ್’ ದ್ವಾರ. ಬಳ್ಳಾರಿ ನಗರದ ಮಾಳಿಗೆಯ ಮೇಲಿನ ತೊಟ್ಟಿ ತುಂಬಿದೊಡನೆ ಮೋಟಾರನ್ನು ತಾನಾಗಿಯೇ ನಿಲ್ಲಿಸುವ ಉಪಕರಣವನ್ನು ನೋಡಿರಿ: ತೊಟ್ಟಿ ತುಂಬಿದ್ದರೆ ಮೋಟಾರು ನಡೆಯದು, ತುಂಬದಿದ್ದರೆ ನಡೆಯುವುದು. ಇದು ‘ನಾಟ್’ ದ್ವಾರ.

ಇಂಗ್ಲಿಷ್ ಗಣಿತಜ್ಞ ಜಾರ್ಜ್ ಬೂಲನು 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದನು. 1937ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ವಿದ್ಯಾರ್ಥಿದೆಸೆಯಲ್ಲಿ ಬರೆದ ಪ್ರಬಂಧವು, ವಿದ್ಯುತ್ ಸ್ವಿಚ್ಚುಗಳ ಜೋಡಣೆಯೂ ಇದೇ ಬೀಜಗಣಿತಕ್ಕೆ ಒಳಪಟ್ಟಿದೆಯೆಂದು ತೋರಿಸಿತು.

ಚಿಪ್ಪು, ತಂತಿ, ದೀಪಗಳ ಪೆಟ್ಟಿಗೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಒದಗಿಸುವುದು ಕಷ್ಟ. ಆದರೆ ಕುರುಗೋಡಿನಂಥ ಊರಿನ ಶಾಲೆಯಲ್ಲಿ ಒಂದೇ ಗಣಕವಿದ್ದರೂ, ಕ್ರಮವಿಧಿಯ ಮೂಲಕ ದ್ವಾರಗಳನ್ನು ಬೇಕಾದಷ್ಟು ಸಲ ಕಟ್ಟಬಹುದು, ಕೆಡವಬಹುದು. ಪೈಥಾನ್ ಎಂಬ ಗಣಕಭಾಷೆಯಲ್ಲಿ ಆ್ಯಂಡ್, ಆರ್, ನಾಟ್ ಎಂಬ ಮೂರು ಶಬ್ದಗಳೂ ಸಿದ್ಧವಾಗಿಯೇ ಇವೆ. ಅದರ 3ನೆಯ ಆವೃತ್ತಿಯಲ್ಲಿ ಚರಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ‘ನೀರು’ ಎಂದರೆ ‘ಮೇಲ್ತೂಬು ಆ್ಯಂಡ್ ಕೆಳತೂಬು’ ಎಂದು ಬರೆದು, ಎರಡಕ್ಕೂ 0, 1ಗಳನ್ನು ಸರದಿಯಂತೆ ಕೊಟ್ಟರೆ ನಾಲ್ಕು ಸಾಲುಗಳ ಕೋಷ್ಟಕವನ್ನು ಯಂತ್ರವೇ ತೋರಿಸುವುದು. ಅದಕ್ಕೆ ಮೊದಲೇ ವಿದ್ಯಾರ್ಥಿಯು ತನ್ನ ಉತ್ತರವನ್ನು ಬರೆದಿಟ್ಟಿರಬೇಕು. ಎರಡೂ ತಾಳೆಯಾಗದಿದ್ದಾಗ ‘ಏಕೆ?’ ಎಂಬ ಪ್ರಶ್ನೆ ಹುಟ್ಟುವುದು. ಪಾಠ ಆರಂಭವಾಗುವುದು ಅಲ್ಲಿಂದ.

ಒಂದು ನಿದರ್ಶನವನ್ನು ಕೊಡುವೆವು. ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್‌ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಈ ಸೀಮೆಯ ರೈತರಿಗೆ ಬೆಳೆಯ ಚಿಂತೆ ಹತ್ತಿತು. ಗೇಟುಗಳನ್ನು ಕಾಯುವ ಎಚ್ಚರಿಕೆಯ ಗಂಟೆಯೊಂದನ್ನು ಮಕ್ಕಳು ಕ್ರಮವಿಧಿಯಲ್ಲಿ ರಚಿಸಲಿ. ‘ಎಲ್ಲ ಗೇಟುಗಳೂ ಭದ್ರ ಎಂಬುದು ಸುಳ್ಳಾದರೆ ಬಾರಿಸು’ ಎಂದು ಒಬ್ಬಳು ಬರೆಯಬಹುದು. ‘ಒಂದೊಂದು ಗೇಟೂ ಅಭದ್ರವಾದರೆ ಬಾರಿಸು’ ಎಂದು ಇನ್ನೊಬ್ಬನು ಬರೆಯಬಹುದು. ಮೇಲುನೋಟಕ್ಕೆ ಎರಡೂ ಒಂದೇ ಎನಿಸುವುವು. ಎರಡು ಗೇಟುಗಳನ್ನಿಟ್ಟು ಕ್ರಮವಿಧಿಯನ್ನು ನಡೆಸಿದರೆ, ಒಂದು ಭದ್ರವಾಗಿ ಇನ್ನೊಂದು ಮುರಿದ ಸಾಲಿನಲ್ಲಿ ಹುಡುಗನ ಗಂಟೆ ಮೂಕವಾಗಿರುವುದು ಕಾಣುತ್ತದೆ. ಅಂದಿನ ರಾತ್ರಿ ಮುರಿದದ್ದು ಒಂದೇ ಗೇಟಾದುದರಿಂದ ಆ ಗಂಟೆ ಬಾರಿಸುತ್ತಲೇ ಇರಲಿಲ್ಲ! ಆ್ಯಂಡನ್ನು ತಿರುಗಿಸಿದಾಗ ಅದು ಆರ್ ಆಗಬೇಕು. ‘ಯಾವುದೊಂದು ಗೇಟು ಅಭದ್ರವಾದರೂ’ ಎಂದು ತಿದ್ದಬೇಕು. ಇದು ಡಿ ಮಾರ್ಗನ್ ನಿಯಮ. ಈ ನಿಯಮಕ್ಕೆ ಹೆಸರಿತ್ತ ಆಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ನೆರೆಯ ತಮಿಳುನಾಡಿನ ಮಧುರೆಯಲ್ಲಿ.

ಕ್ರಮವಿಧಿಗೂ ಮಿತಿಯುಂಟು. ಎರಡು ಗೇಟುಗಳಿಗೆ 4 ಸಾಲುಗಳಾದರೆ, ಹತ್ತಕ್ಕೆ 1,024. ಮೂವತ್ತಮೂರಕ್ಕೆ ಸುಮಾರು 859 ಕೋಟಿ. ಅಷ್ಟನ್ನೂ ಎಣಿಸುತ್ತ ಕೂರುವುದಕ್ಕಿಂತ, ನಿಯಮವು ಎಲ್ಲ ಸಂಖ್ಯೆಗಳಿಗೂ ಏಕೆ ಸಲ್ಲುವುದೆಂದು ತರ್ಕಿಸುವುದು ಲೇಸು. ಇದಲ್ಲದೆ, ಕ್ರಮವಿಧಿಯ ಆಜ್ಞೆಗಳು ಒಂದಾದಮೇಲೊಂದರಂತೆ ನಡೆದರೆ, ನಿಜವಾದ ಮಂಡಲದ ದ್ವಾರಗಳು ಏಕಕಾಲದಲ್ಲಿ ಕೆಲಸಮಾಡುವುವು. ಪ್ರತಿಯೊಂದು ದ್ವಾರವೂ ಅತ್ಯಲ್ಪ ಸಮಯವನ್ನು ತೆಗೆದುಕೊಳ್ಳುವುದು. ಈ ಭೇದವನ್ನು ಉಪಾಧ್ಯಾಯರು ತಿಳಿಯಹೇಳತಕ್ಕದ್ದು; ಸಾಧ್ಯವಾದಲ್ಲಿ ಒಂದು ಚಿಪ್ಪು, ಒಂದು ದೀಪವನ್ನು ಇಟ್ಟು ತೋರಿಸತಕ್ಕದ್ದು.

ಆದಕಾರಣ ಕಲಿಕೆಯ ಕ್ರಮ ಹೀಗಿರಲಿ: ಮೊದಲು ಕಾಲುವೆಯ ದಂಡೆ, ಅನಂತರ ಕಾಗದದ ಮೇಲಿನ ಕೋಷ್ಟಕ, ಆಮೇಲೆ ಗಣಕ. ಈ ದಾರಿಯಲ್ಲಿ ಬಂದ ಮಗುವು ಯಂತ್ರದ ಉತ್ತರವನ್ನು ಕಣ್ಣುಮುಚ್ಚಿ ನಂಬದೆ ಪರೀಕ್ಷಿಸಿ ನೋಡುವುದು.