ಮೊದಲು ಲೆನ್ಸ್, ಆಮೇಲೆ ಬಾಡಿ

ಆಷಾಢ ಕಾಲಿಟ್ಟರೆ ಹಾಸನದ ಸ್ಟುಡಿಯೊಗಳಲ್ಲಿ ಕೆಲಸ ಕಡಿಮೆ, ಮಾತು ಜಾಸ್ತಿ. ಆಲ್ಬಂ ಪ್ರಿಂಟಿಗೆಂದು ಬಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಫೋಟೊಗ್ರಾಫರ್‌ಗಳು ಒಟ್ಟು ಸೇರಿದರೆ ಏಳುವ ತಕರಾರು ಒಂದೇ: ಕ್ಯಾನನ್ನೋ, ನಿಕಾನೋ, ಸೋನಿಯೋ? ಸೀಸನ್ನಿನ ದುಡಿಮೆ ಜೇಬಿನಲ್ಲಿರುವಾಗ ಈ ಪ್ರಶ್ನೆ ಬಲು ದುಬಾರಿ.

ಮುಖ ತೆಗೆಯುವ ಕೆಲಸಕ್ಕೆ ಮೂರೂ ಸಾಕು. ಎದುರಿದ್ದವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುವುದರಲ್ಲಿ ಸೋನಿ ಒಂದು ಕಾಲಕ್ಕೆ ಮುಂದಿತ್ತು. ಇಂದು ಉಳಿದಿಬ್ಬರೂ ಅದರ ಸಮಕ್ಕೆ ಬಂದಿದ್ದಾರೆ. ಚಿತ್ರದ ಹಣೆಬರಹ ಬರೆಯುವುದು ಲೆನ್ಸ್. ಫುಲ್ ಫ್ರೇಮ್ ಬಾಡಿಗೆ 85 ಎಂಎಂ ಹಾಕಿ ಎರಡು ಮೀಟರ್ ದೂರ ನಿಂತರೆ ಮೂಗು ಊದುವುದಿಲ್ಲ, ಹಿಂದಿನ ಪ್ಲಾಸ್ಟಿಕ್ ಹೂವಿನ ಗೋಡೆಯೂ ಕರಗಿಹೋಗುತ್ತದೆ. ಚಿಕ್ಕ ಸೆನ್ಸರ್‌ನ ಬಾಡಿ ಇದ್ದವರಿಗೆ ಅಗ್ಗದ 50 ಎಂಎಂ ಎಫ್ 1.8 ಹೆಚ್ಚುಕಡಿಮೆ ಅದೇ ಕೆಲಸ ಮಾಡಿಕೊಡುತ್ತದೆ.

ಹಾಗಾಗಿ ನೋಡಬೇಕಾದದ್ದು ಮೌಂಟ್. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ 1987ರದು. 2018ರಲ್ಲಿ ಇಬ್ಬರೂ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದರು. ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಹೊಸ ಕ್ಯಾನನ್ ಮೇಲೆ ಚೆನ್ನಾಗಿಯೇ ಓಡುತ್ತವೆ. ನಿಕಾನ್‌ನವರಿಗೆ ಇಲ್ಲೊಂದು ಗುಂಡಿಯಿದೆ: ಲೆನ್ಸ್ ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ನಿಕಾನ್‌ನದೇ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೆ ಆಟೊಫೋಕಸ್ ಇರದು. ಎಷ್ಟೋ ಮದುವೆ ಕಂಡ 85 ಎಂಎಂ 'ಡಿ' ಲೆನ್ಸ್ ಅನ್ನು ಆಮೇಲೆ ಕೈಯಲ್ಲೇ ತಿರುಗಿಸಬೇಕು. ಸೋನಿ ತನ್ನ ಮೌಂಟಿನ ವಿವರವನ್ನು 2011ರಲ್ಲೇ ಬೇರೆ ಕಂಪನಿಗಳಿಗೆ ಬಿಟ್ಟುಕೊಟ್ಟಿತು. ಸಿಗ್ಮಾ, ಟ್ಯಾಮ್ರಾನ್‌ಗಳ ಲೆನ್ಸ್ ಕಡಿಮೆ ಬೆಲೆಗೆ ಸಿಗುವುದು ಅದರಿಂದಲೇ. ಈ ವಿಷಯದಲ್ಲಿ ಕ್ಯಾನನ್ ಕೈ ಬಿಗಿ. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಬಾಗಿಲು ತೆರೆದದ್ದೂ ಚಿಕ್ಕ ಸೆನ್ಸರ್‌ನ ಲೆನ್ಸ್‌ಗಳಿಗಷ್ಟೇ. ಹೊಸದಾಗಿ, ಬರಿಗೈಯಲ್ಲಿ ಶುರುಮಾಡುವವರಿಗೆ ನನ್ನ ಓಟು ಸೋನಿಗೆ.

'ಕ್ಯಾನನ್ ಬಣ್ಣ ನಮ್ಮ ಮೈಬಣ್ಣಕ್ಕೆ ಒಗ್ಗುತ್ತೆ' ಎನ್ನುವುದು ಹಳೆಯ ಮಾತು. ಜೆಪಿಇಜಿಯಲ್ಲಿ ತೆಗೆದು ನೇರ ಪ್ರಿಂಟಿಗೆ ಕಳಿಸುವವರಿಗೆ ಅದು ಒಂದಷ್ಟು ನಿಜ. ರಾದಲ್ಲಿ ತೆಗೆಯುವವರು ಬಣ್ಣವನ್ನು ತಾವೇ ಕೂಡಿಸಿಕೊಳ್ಳಬಹುದು. (ಎಣ್ಣೆಗೆಂಪಿನ ಮದುಮಗಳನ್ನು ಎಡಿಟಿಂಗ್‌ನಲ್ಲಿ ಸುಣ್ಣ ಬಳಿದಂತೆ ಮಾಡುವ ಚಾಳಿಗೆ ಯಾವ ಕಂಪನಿಯೂ ಹೊಣೆಯಲ್ಲ.) ನಿಜವಾದ ಪರೀಕ್ಷೆ ನಡೆಯುವುದು ಕಲ್ಯಾಣ ಮಂಟಪದಲ್ಲಿ. ನಮ್ಮ ಕರೆಂಟು 50 ಹರ್ಟ್ಜ್‌ನದು, ಕಳಪೆ ಎಲ್‌ಇಡಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಶಟರ್ 1/400ಕ್ಕೆ ಏರಿಸಿದರೆ ಧಾರೆಯ ಹೊತ್ತಿಗೆ ಒಂದು ಫ್ರೇಮಿನಲ್ಲಿ ಅರಿಶಿನದ ಕೆನ್ನೆ, ಮುಂದಿನದರಲ್ಲಿ ಮಬ್ಬು ಕೆನ್ನೆ. 1/100ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನಲ್ಲಿ ಪ್ರಿ-ವೆಡ್ಡಿಂಗ್ ತೆಗೆಯುವವರಿಗೆ ಈ ತಾಪತ್ರಯವಿಲ್ಲ. ಚಾವಣಿ ಇಲ್ಲದ ಆ ಗೋಡೆಗಳ ನಡುವೆ ಬೆಳಗಿನ ಬೆಳಕಿನಲ್ಲಿ ಯಾವ ಕ್ಯಾಮೆರಾವೂ ಜಾಣನೇ.

ಇನ್ನೊಂದು ಲೆಕ್ಕವೂ ಇದೆ. ಮುಹೂರ್ತದ ದಿನ ಬಾಡಿ ಕೈಕೊಟ್ಟರೆ ಅರಕಲಗೂಡಿನವರಿಗೆ ನೆರವಾಗುವುದು ಕಂಪನಿಯಲ್ಲ, ಪಕ್ಕದ ಊರಿನ ಗೆಳೆಯ. ಅವನ ಲೆನ್ಸ್ ನಿಮ್ಮ ಬಾಡಿಗೆ ಕೂರಬೇಕು. ಆದ್ದರಿಂದ ಮುಂಗಡ ಕೊಡುವ ಮುನ್ನ ಸುತ್ತಲಿನವರ ಬ್ಯಾಗಿನಲ್ಲಿ ಏನಿದೆ ಎಂದು ವಿಚಾರಿಸಿ. ಆಮೇಲೆ ಒಂದು ದಿನದ ಬಾಡಿಗೆಗೆ ಸೆಟ್ ತಂದು, ನೀವು ಆರ್ಡರ್ ಹಿಡಿಯುವ ಮಂಟಪದ ದೀಪದಡಿಯಲ್ಲೇ ನಾಲ್ಕು ಮುಖ ತೆಗೆದು, ಆಲ್ಬಂ ಅಳತೆಗೆ ಪ್ರಿಂಟ್ ಹಾಕಿಸಿ ನೋಡಿ.