ವಿದ್ಯೆಯ ನಾಲ್ಕು ಪಾದಗಳು

ಘಟಿಕೋತ್ಸವದ ದಿನ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ವೇದಿಕೆಯ ಮೇಲೆ ಗೌನು ತೊಟ್ಟ ವಿದ್ವದ್ವೃಂದ. ಹೆಸರು ಕೂಗಿದೊಡನೆ ಮೆಟ್ಟಿಲೇರಿ ಸ್ವರ್ಣಪದಕವನ್ನು ಸ್ವೀಕರಿಸುವ ತರುಣ ತರುಣಿಯರು. ಹಿಂದಿನ ಸಾಲುಗಳಲ್ಲಿ, ಅಲ್ಲಿ ಓದಿದ ಮಾತುಗಳೆಲ್ಲ ಅರ್ಥವಾಗದಿದ್ದರೂ ಚಪ್ಪಾಳೆಯ ಅರ್ಥವನ್ನು ಚೆನ್ನಾಗಿ ಬಲ್ಲ ತಾಯಿತಂದೆಗಳು. ಆ ಪದಕವನ್ನು ಕುರಿತು ಹಗುರವಾಗಿ ಮಾತನಾಡುವ ಹಕ್ಕು ಯಾರಿಗೂ ಇಲ್ಲ. ಅದರ ಹಿಂದೆ ಮಾರಿದ ಹೊಲವಿರಬಹುದು, ಒತ್ತೆಯಿಟ್ಟ ಒಡವೆಯಿರಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಹತ್ತು ವರ್ಷಗಳಾದ ಮೇಲೆ ಪದಕ ಪೆಟ್ಟಿಗೆಯಲ್ಲಿರುತ್ತದೆ; ಅದನ್ನು ತಂದುಕೊಟ್ಟ ವಿದ್ಯೆ ಎಲ್ಲಿರುತ್ತದೆ?

ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಮಾತು ನಮ್ಮ ಹಿರಿಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವಿದ್ಯೆಗೆ ನಾಲ್ಕು ಪಾದಗಳಂತೆ. ಒಂದು ಪಾದ ಗುರುವಿನಿಂದ ಬರುತ್ತದೆ, ಇನ್ನೊಂದು ಶಿಷ್ಯನ ಸ್ವಂತ ಬುದ್ಧಿಯಿಂದ, ಮೂರನೆಯದು ಜೊತೆಯಲ್ಲಿ ಓದುವವರಿಂದ, ನಾಲ್ಕನೆಯದು ಕಾಲಕ್ರಮದಲ್ಲಿ. ಕೇಳುವುದಕ್ಕೆ ಸರಳವಾದ ಲೆಕ್ಕ. ಆದರೆ ಇಂದಿನ ವಿದ್ಯಾರ್ಥಿಯ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನಾಲ್ಕು ಕಾಲಿನ ಮಂಚವನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಲು ನಾವು ಎಷ್ಟು ಶ್ರಮಪಡುತ್ತಿದ್ದೇವೆಂಬುದು ತಿಳಿಯುತ್ತದೆ.

ಮೊದಲು ಗುರುವಿನ ಪಾದ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಕನ್ನಡ ನಾಡಿನ ಆ ವಿದ್ಯಾಪೀಠದಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಗಲು 1927ರವರೆಗೆ ಕಾಯಬೇಕಾಯಿತು. ಬಿ.ಎ. ಮುಗಿಸಿ ತತ್ತ್ವಶಾಸ್ತ್ರದ ಕಡೆಗೆ ಮನಸ್ಸು ಮಾಡಿದ್ದ ಮಲೆನಾಡಿನ ತರುಣನೊಬ್ಬನನ್ನು ಆ ಹೊಸ ತರಗತಿಯ ಕಡೆಗೆ ತಿರುಗಿಸಿದವರು ಟಿ. ಎಸ್. ವೆಂಕಣ್ಣಯ್ಯನವರು. ಆ ತರುಣ ಕುವೆಂಪು. 1929ರಲ್ಲಿ ಅವರು ಎಂ.ಎ. ಪದವಿ ಪಡೆದರು, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ಗುರುಗಳು ತೀರಿಕೊಂಡು ಆಗಲೇ ಹತ್ತು ವರ್ಷಗಳಾಗಿದ್ದುವು. ಗುರುವಿನಿಂದ ಬರುವ ಪಾದವೆಂದರೆ ಬರೆಯಿಸಿಕೊಟ್ಟ ಟಿಪ್ಪಣಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಟಿಪ್ಪಣಿ ಪರೀಕ್ಷೆಯ ಮಾರನೆಯ ದಿನ ರದ್ದಿಯಾಗುತ್ತದೆ. ಗುರು ತೋರಿದ ದಾರಿ ಜೀವಮಾನದ ಬುತ್ತಿಯಾಗುತ್ತದೆ. ಆದರೆ ದಾರಿ ಕೇಳುವವನಿಗೆ ಮಾತ್ರ ದಾರಿ ಹೇಳಬಹುದು. ಮೂರು ವರ್ಷಗಳಲ್ಲಿ ಒಮ್ಮೆಯೂ ಅಧ್ಯಾಪಕರ ಕೊಠಡಿಯ ಬಾಗಿಲನ್ನು ತಟ್ಟದೆ ಪದವೀಧರನಾದವನು ತನಗೆ ಸಲ್ಲಬೇಕಾದ ಕಾಲುಭಾಗವನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ.

ಎರಡನೆಯದು ಸ್ವಂತ ಬುದ್ಧಿಯ ಪಾದ. ಇದನ್ನು ವಿವರಿಸಲು ಮದರಾಸು ವಿಶ್ವವಿದ್ಯಾನಿಲಯದ ಎರಡು ಕಥೆಗಳನ್ನು ಒಟ್ಟಿಗೆ ಹೇಳಬೇಕು. ಎರಡೂ ನಡೆದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಕದ ಕೋನವನ್ನು ಅಳೆಯುವುದು ಭೌತಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಮಾಡುವ ಪ್ರಯೋಗ. ಚಂದ್ರಶೇಖರ ವೆಂಕಟರಾಮನ್ ಎಂಬ ವಿದ್ಯಾರ್ಥಿಯೂ ಅದನ್ನೇ ಮಾಡುತ್ತಿದ್ದ. ಪಟ್ಟಕದ ಮೇಲೆ ಬೆಳಕು ತೀರ ಓರೆಯಾಗಿ ಬಿದ್ದಾಗ, ಅದರ ಅಂಚಿನಿಂದ ಹರಡುವ ಪಟ್ಟೆಗಳು ಎರಡು ಪಕ್ಕಗಳಲ್ಲಿಯೂ ಸಮನಾಗಿಲ್ಲವೆಂಬುದು ಅವನ ಕಣ್ಣಿಗೆ ಬಿತ್ತು. ಪಠ್ಯಪುಸ್ತಕಕ್ಕೆ ಬೇಕಾಗಿದ್ದದ್ದು ಕೋನ ಮಾತ್ರ. ಪಟ್ಟೆಗಳ ವಿಚಾರ ಪ್ರಶ್ನಪತ್ರಿಕೆಯಲ್ಲಿ ಬರುವಂಥದಲ್ಲ. ಆದರೂ ಅವನು ಅದರ ಬೆನ್ನುಹತ್ತಿದ. ಫಲವಾಗಿ 1906ರಲ್ಲಿ, ಅವನಿಗೆ ಹದಿನೆಂಟು ವರ್ಷ ತುಂಬುವ ಹೊತ್ತಿಗೆ, ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅವನ ಮೊದಲನೆಯ ಲೇಖನ ಅಚ್ಚಾಯಿತು. 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಸ್ವರ್ಣಪದಕ ಪಡೆದವನು, 1907ರಲ್ಲಿ ಎಂ.ಎ. ಪದವಿಯನ್ನೂ ಉನ್ನತ ಶ್ರೇಣಿಯಲ್ಲಿ ಪಡೆದ. ಪದಕಗಳು ಅವನಿಗೆ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರವನ್ನು ದೊರಕಿಸಿದುವು. ಆದರೆ ಕಚೇರಿಯ ವೇಳೆ ಕಳೆದ ಮೇಲೆ ಕಲ್ಕತ್ತೆಯ ವಿಜ್ಞಾನ ಸಂಘದ ಪ್ರಯೋಗಾಲಯಕ್ಕೆ ಅವನನ್ನು ಕರೆದೊಯ್ದದ್ದು, ಮುಂದೆ 1930ರ ನೊಬೆಲ್ ಬಹುಮಾನದವರೆಗೆ ನಡೆಸಿದ್ದು, ಆ ಓರೆಬೆಳಕನ್ನು ಕಂಡಾಗ ಎದ್ದ ಕುತೂಹಲವೇ.

ಅದೇ ವಿಶ್ವವಿದ್ಯಾನಿಲಯದ ಎಫ್.ಎ. ಪರೀಕ್ಷೆಯಲ್ಲಿ, ರಾಮನ್ನರು ಎಂ.ಎ. ಮುಗಿಸಿದ ಆ 1907ರಲ್ಲಿಯೇ, ಇನ್ನೊಬ್ಬ ತರುಣ ಅನುತ್ತೀರ್ಣನಾದ. ಅದು ಅವನ ಮೊದಲನೆಯ ಸೋಲೂ ಅಲ್ಲ. ಗಣಿತವೊಂದನ್ನುಳಿದು ಮಿಕ್ಕ ವಿಷಯಗಳನ್ನು ಅಲಕ್ಷಿಸಿದ್ದರಿಂದ ಕುಂಭಕೋಣದಲ್ಲಿ ಓದುವಾಗಲೇ ಅವನ ವಿದ್ಯಾರ್ಥಿವೇತನ ಕೈಬಿಟ್ಟುಹೋಗಿತ್ತು. ಶ್ರೀನಿವಾಸ ರಾಮಾನುಜನ್ ಪದವಿಯಿಲ್ಲದೆ, ಉದ್ಯೋಗವಿಲ್ಲದೆ ವರ್ಷಗಟ್ಟಲೆ ಅಲೆದು, 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಹಿಡಿದರು. ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಅವರು ಪತ್ರ ಬರೆದದ್ದು 1913ರಲ್ಲಿ. ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯ, ತಾನು ಅನುತ್ತೀರ್ಣನೆಂದು ಸಾರಿದ್ದ ವಿದ್ಯಾರ್ಥಿಗೆ, ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಕೊಟ್ಟು ತನ್ನ ಮರ್ಯಾದೆಯನ್ನು ಉಳಿಸಿಕೊಂಡಿತು.

ಈ ಎರಡನೆಯ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯನ್ನು ಹಳಿಯುವುದಕ್ಕೆ ಉಪಯೋಗಿಸುವುದುಂಟು. ಅದು ಸಲ್ಲದು. ಪರೀಕ್ಷೆಯನ್ನು ಅಲಕ್ಷಿಸಿದ್ದಕ್ಕೆ ರಾಮಾನುಜನ್ನರು ತೆತ್ತ ಬೆಲೆ ಹಸಿವು ಮತ್ತು ತಾರುಣ್ಯದ ಅಮೂಲ್ಯ ವರ್ಷಗಳು. 1920ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತೆರಡು ಮಾತ್ರ. ಬಡ ವಿದ್ಯಾರ್ಥಿಗೆ ಪರೀಕ್ಷೆ ಹೊಳೆಯನ್ನು ದಾಟಿಸುವ ದೋಣಿ. ಅದನ್ನು ಒದೆಯುವುದು ಅವಿವೇಕ. ದಾಟಿದ ಮೇಲೂ ಅದರಲ್ಲಿಯೇ ಕುಳಿತಿರುವುದು ಇನ್ನೂ ದೊಡ್ಡ ಅವಿವೇಕ.

ಸ್ವಂತ ಬುದ್ಧಿಯೆಂದೊಡನೆ ಅದು ಹುಟ್ಟಿನಿಂದ ಬಂದ ಪ್ರತಿಭೆಯೆಂದು ಕೈಚೆಲ್ಲಬೇಕಾಗಿಲ್ಲ. ಶ್ರವಣವಾದ ಮೇಲೆ ಮನನವೆಂದು ನಮ್ಮವರು ಹೇಳುತ್ತಿದ್ದುದು ಒಂದು ಕೆಲಸವನ್ನು ಕುರಿತು, ವರವನ್ನು ಕುರಿತಲ್ಲ. ಈ ಕೆಲಸದ ಬೆಲೆಯನ್ನು ಆಧುನಿಕ ಮನಶ್ಶಾಸ್ತ್ರವೂ ಅಳೆದು ನೋಡಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ವಿದ್ವಾಂಸರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿ ಮತ್ತೊಮ್ಮೆ ಓದಿದರು; ಇನ್ನೊಂದನ್ನು ಓದಿ, ಹಾಳೆಯನ್ನು ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳಾದ ಮೇಲೆ ಕೇಳಿದಾಗ ಎರಡು ಬಾರಿ ಓದಿದ್ದೇ ಹೆಚ್ಚು ನೆನಪಿತ್ತು. ಆದರೆ ಒಂದು ವಾರ ಕಳೆದು ಕೇಳಿದಾಗ, ಮತ್ತೆ ಓದಿದ್ದರಲ್ಲಿ ನೂರಕ್ಕೆ 42ರಷ್ಟು ಮಾತ್ರ ಉಳಿದಿತ್ತು; ಮುಚ್ಚಿಟ್ಟು ಬರೆದದ್ದರಲ್ಲಿ 56ರಷ್ಟು ಉಳಿದಿತ್ತು. ಪುಸ್ತಕವನ್ನು ಮುಚ್ಚುವ ಧೈರ್ಯವೇ ಮನನದ ಆರಂಭ. ಗೆರೆಯೆಳೆದು ಬಣ್ಣ ಬಳಿದ ಪುಟವನ್ನು ಹತ್ತು ಸಲ ತಿರುವಿಹಾಕುವವನು ತನಗೆ ತಿಳಿದಿದೆಯೆಂದು ನಂಬುತ್ತಾನೆ. ಮುಚ್ಚಿಟ್ಟು ಬರೆದವನಿಗೆ ತನಗೇನು ತಿಳಿಯದೆಂಬುದು ತಿಳಿಯುತ್ತದೆ. ಎರಡನೆಯ ತಿಳಿವಳಿಕೆಯೇ ಹೆಚ್ಚು ಉಪಯುಕ್ತವಾದದ್ದು.

ಮೂರನೆಯದು ಸಹಪಾಠಿಗಳ ಪಾದ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದಾಗ ವಿನಾಯಕ ಕೃಷ್ಣ ಗೋಕಾಕರು ಬೇಂದ್ರೆಯವರ ಗೆಳೆಯರ ಗುಂಪಿಗೆ ಸೇರಿದರು. ಅಲ್ಲಿ ಹಾಜರಿಪಟ್ಟಿಯಿರಲಿಲ್ಲ, ಅಂಕಗಳೂ ಇರಲಿಲ್ಲ. ಬರೆದದ್ದನ್ನು ಓದುವುದು, ಕೇಳಿದ್ದನ್ನು ಚರ್ಚಿಸುವುದು, ಇಷ್ಟೆ. ಇಂಗ್ಲಿಷ್ ಸಾಹಿತ್ಯದ ಮೇಧಾವಿ ವಿದ್ಯಾರ್ಥಿಯಾಗಿ ಮುಂದೆ ಆಕ್ಸ್‌ಫರ್ಡಿಗೂ ಹೋಗಿ ಬಂದ ಗೋಕಾಕರು ಬೇಂದ್ರೆಯವರನ್ನು ತಮ್ಮ ಕಾವ್ಯಗುರುವೆಂದೇ ಕರೆದರು. ಕಾಲೇಜು ಪದವಿ ಕೊಟ್ಟಿತು. ಗುಂಪು ಕನ್ನಡಕ್ಕೆ ಒಬ್ಬ ಕವಿಯನ್ನು ಕೊಟ್ಟಿತು. ಇಂದು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಮೂವರು ಸ್ನೇಹಿತರು ಮೂರು ಮೊಬೈಲುಗಳನ್ನು ನೋಡುತ್ತ ಕುಳಿತಿರುವುದನ್ನು ಕಂಡಾಗ ಈ ಪಾದ ಕುಂಟುತ್ತಿದೆಯೆಂದು ಅನ್ನಿಸುತ್ತದೆ. ಇನ್ನೂ ಖೇದಕರವಾದದ್ದು, ರ‍್ಯಾಂಕು ಕೈತಪ್ಪೀತೆಂಬ ಭಯದಿಂದ ತನ್ನ ಟಿಪ್ಪಣಿಗಳನ್ನು ಪಕ್ಕದವನಿಂದ ಬಚ್ಚಿಡುವ ಅಭ್ಯಾಸ. ಒಬ್ಬನಿಗೆ ಹೇಳಿಕೊಡಲು ಹೊರಟಾಗಲೇ ನಮ್ಮ ಅರಿವಿನಲ್ಲಿ ಎಲ್ಲಿ ಬಿರುಕಿದೆಯೆಂಬುದು ಗೊತ್ತಾಗುವುದು. ಬಚ್ಚಿಟ್ಟವನು ತನ್ನಿಂದಲೇ ಬಚ್ಚಿಟ್ಟುಕೊಂಡಂತೆ.

ಕೊನೆಯದು ಕಾಲದ ಪಾದ. ಕುವೆಂಪು ಅವರೊಡನೆ ಕನ್ನಡ ಎಂ.ಎ.ಯ ಆ ಮೊದಲನೆಯ ತಂಡದಲ್ಲಿ ಓದಿದವರು ಡಿ. ಎಲ್. ನರಸಿಂಹಾಚಾರ್ಯರು. ಕನ್ನಡದ ಅತಿ ಪ್ರಾಚೀನ ಗದ್ಯಕೃತಿಗಳಲ್ಲೊಂದಾದ ‘ವಡ್ಡಾರಾಧನೆ’ಯ ಅವರ ಪರಿಷ್ಕೃತ ಆವೃತ್ತಿ ಪ್ರಕಟವಾದದ್ದು 1949ರಲ್ಲಿ. ಪದವಿಗೂ ಆ ಗ್ರಂಥಕ್ಕೂ ನಡುವೆ ಇಪ್ಪತ್ತು ವರ್ಷಗಳು! ಒಂದು ಪಾಠವನ್ನು ಇನ್ನೊಂದರೊಡನೆ ಹೋಲಿಸಿ, ಒಂದು ಶಬ್ದದ ರೂಪಕ್ಕಾಗಿ ದಿನಗಟ್ಟಲೆ ತಡಕಾಡುವ ಆ ವಿದ್ಯೆ ಯಾವ ಅಂಕಪಟ್ಟಿಯಲ್ಲಿಯೂ ಮೂಡುವಂಥದಲ್ಲ. ಆದರೆ ಅದರ ಬೀಜ ವಿದ್ಯಾರ್ಥಿದೆಸೆಯಲ್ಲಿಯೇ ಬೀಳಬೇಕು. ಹುಲ್ಲಿನಲ್ಲಿಟ್ಟ ಮಾವಿನಕಾಯಿಯನ್ನು ಒಂದೇ ರಾತ್ರಿಯಲ್ಲಿ ಹಣ್ಣು ಮಾಡಲಾಗದು. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಗ್ರಂಥವನ್ನು ಬುದ್ಧಿಗೆ ಇಳಿಸಲೂ ಆಗದು. ಬಿಟ್ಟು ಬಿಟ್ಟು ಆವೃತ್ತಿ ಮಾಡಿದ ಓದು ಒಂದೇ ಪಟ್ಟಿನ ಓದಿಗಿಂತ ಹೆಚ್ಚು ನಿಲ್ಲುತ್ತದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ಬರೆದರು. ದಿನಕ್ಕಿಷ್ಟೆಂದು ಕಂಠಪಾಠ ಮಾಡಿಸುತ್ತಿದ್ದ ನಮ್ಮ ಹಳೆಯ ಮೇಷ್ಟರಿಗೆ ಈ ಗುಟ್ಟು ಅನುಭವದಿಂದಲೇ ತಿಳಿದಿತ್ತು.

ಈ ನಾಲ್ಕು ಪಾದಗಳ ಮಾತು ಎಲ್ಲರಿಗಿಂತ ಹೆಚ್ಚಾಗಿ ಅನ್ವಯಿಸುವುದು, ತನ್ನ ಮನೆಯಿಂದ ಮೊಟ್ಟಮೊದಲಿಗೆ ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ದಾಟಿದ ಹುಡುಗ ಹುಡುಗಿಯರಿಗೆ. ವಿದ್ಯಾವಂತರ ಮನೆಯ ಮಕ್ಕಳಿಗೆ ಊಟದ ಹೊತ್ತಿನ ಮಾತಿನಲ್ಲಿಯೇ ಗುರುವಿನ ಪಾದವೂ ಗೆಳೆಯರ ಪಾದವೂ ಅಷ್ಟಿಷ್ಟು ದೊರಕಿರುತ್ತವೆ. ಇವರಿಗೆ ಅವು ಕಾಲೇಜಿನಲ್ಲಿ ಸಿಗದಿದ್ದರೆ ಬೇರೆಲ್ಲಿಯೂ ಸಿಗಲಾರವು. ಅಂಗಡಿಯಲ್ಲಿ ಸಿಕ್ಕುವ ಗೈಡು ಪುಸ್ತಕವನ್ನೇ ಅವರು ಗುರುವೆಂದು ನಂಬಿದರೆ ತಪ್ಪು ಅವರದು ಮಾತ್ರವಲ್ಲ. ಬಾಗಿಲು ತಟ್ಟಿದಾಗ ತೆರೆಯದ ನಮ್ಮಂಥ ಅಧ್ಯಾಪಕರದೂ ಹೌದು.

ಘಟಿಕೋತ್ಸವದ ಹಿಂದಿನ ಸಾಲಿನಲ್ಲಿ ಕುಳಿತ ಆ ತಾಯಿ ಮನೆಗೆ ಹೋಗಿ ಪದಕವನ್ನು ದೇವರ ಮುಂದಿಟ್ಟು ಕೈಮುಗಿಯಬಹುದು. ಮುಗಿಯಲಿ, ಅದು ಅವಳ ಸಂಪಾದನೆಯೂ ಹೌದು. ಆದರೆ ಅದೇ ಸಂಜೆ ಅವಳ ಮಗಳು, ಪರೀಕ್ಷೆಗೆ ಇನ್ನು ಬೇಡವಾದ ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ಜಗಲಿಯ ಮೇಲೆ ಓದಲು ಕುಳಿತಳೆಂದರೆ, ವಿಶ್ವವಿದ್ಯಾನಿಲಯ ತನ್ನ ಕೆಲಸವನ್ನು ಮಾಡಿತೆಂದು ತಿಳಿಯಬಹುದು.