ಖರ್ಚೇ ಕಾಯಿಲೆಯ ಅಳತೆಯಾದಾಗ

ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕೆಂದು ಗುರುತಿಸಲು ಅಮೆರಿಕದ ಅನೇಕ ಆಸ್ಪತ್ರೆಗಳು ಕಂಪ್ಯೂಟರ್ ನೀಡುವ ಅಂಕವನ್ನು ಅವಲಂಬಿಸಿವೆ. ಅಂಥ ಒಂದು ವ್ಯವಸ್ಥೆಯನ್ನು ವೈದ್ಯ ಝಿಯಾದ್ ಓಬರ್‌ಮೈಯರ್, ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಪರೀಕ್ಷಿಸಿ, ಫಲಿತಾಂಶವನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಒಂದೇ ಅಂಕ ಪಡೆದವರಲ್ಲಿ ಬಿಳಿಯರಿಗಿಂತ ಕಪ್ಪು ವರ್ಣೀಯರಿಗೆ ದೀರ್ಘಕಾಲಿಕ ಕಾಯಿಲೆಗಳು ಹೆಚ್ಚಾಗಿದ್ದವು. ಲೆಕ್ಕಾಚಾರದಲ್ಲಿ ವರ್ಣದ ಪ್ರಸ್ತಾಪವೇ ಇರಲಿಲ್ಲ. ಅದು ಕಾಯಿಲೆಯ ಬದಲಿಗೆ ಚಿಕಿತ್ಸೆಯ ಖರ್ಚನ್ನು ಅಂದಾಜು ಮಾಡುತ್ತಿತ್ತು. ಬಡತನದಿಂದಲೋ ವೈದ್ಯರ ಮೇಲಿನ ಅಪನಂಬಿಕೆಯಿಂದಲೋ ಆಸ್ಪತ್ರೆಗೆ ಬಾರದವರ ಖರ್ಚು ಕಡಿಮೆ. ಖರ್ಚು ಕಡಿಮೆಯಾದವರನ್ನು ಯಂತ್ರವು ಆರೋಗ್ಯವಂತರೆಂದೇ ಎಣಿಸಿತು. ಈ ಅಸಮಾನತೆಯನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ವರ್ಣೀಯರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುವುದೆಂದು ಸಂಶೋಧಕರು ಲೆಕ್ಕ ಹಾಕಿದರು.

ದತ್ತಾಂಶ ವಿಶ್ಲೇಷಣೆಯನ್ನು ಕಲಿಯಲು ಇಲ್ಲಿಗೆ ಬರಲಿರುವ ನಮ್ಮ ಯುವಕ ಯುವತಿಯರಿಗೆ ಈ ಮಾತು ಹೊಸದೇನೂ ಆಗಲಾರದು. ಮಂಡಿನೋವನ್ನು ನುಂಗಿಕೊಂಡು ಹೊಲಕ್ಕೆ ಹೋಗುವ ಊರಿನ ಅಜ್ಜಿಯ ಹೆಸರಿನಲ್ಲಿ ಆಸ್ಪತ್ರೆಯ ಒಂದು ರಸೀತಿಯೂ ಇರುವುದಿಲ್ಲ. ಹಾಗೆಂದು ಆಕೆ ಆರೋಗ್ಯವಂತೆಯೆ? ಸೂತ್ರ ಬರೆಯುವ ಮುನ್ನ, ತಾವು ಅಳೆಯುತ್ತಿರುವುದು ನಿಜಕ್ಕೂ ಏನನ್ನು ಎಂದು ಕೇಳಿಕೊಳ್ಳುವ ಎಂಜಿನಿಯರುಗಳು ವೈದ್ಯರಾದ ನಮಗೆ ಬೇಕಾಗಿದ್ದಾರೆ.